ಬೆಳಕಿನ ಕೋಲು

ದೋಣಿ ಮೇಸ್ತ್ರಿ ನೂಲನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು, ಅದರ ಒಂದು ತುದಿಯನ್ನು ಹಲಗೆಯ ಈ ಕೊನೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಇನ್ನೊಂದು ತುದಿಯನ್ನು ಹಿಡಿದುಕೊಂಡು ಗರಗಸದವನು ಆ ಕೊನೆಗೆ ಹೋಗಿ ಕುಕ್ಕರಿಸಿದ. ನೂಲು ಬಿಗಿಯಾಯಿತು. ಮೇಸ್ತ್ರಿ ಕೆನ್ನೆಯನ್ನು ಹಲಗೆಗೆ ಆನಿಸಿ, ಒಂದು ಕಣ್ಣು ಮುಚ್ಚಿ, ನೂಲಿನ ಅಡಿಯಲ್ಲಿ ದೃಷ್ಟಿ ಹಾಯಿಸಿದ. ಒಂದು ಕಡೆ ನೂಲು ಮರಕ್ಕೆ ಅಂಟಿಕೊಂಡಿತ್ತು. ಒಂದು ಮಾರು ಆಚೆಗೆ ಅದರ ಕೆಳಗೆ ಬೆಳಕು ತೂರಿ ಬರುತ್ತಿತ್ತು. ಮತ್ತೆ ಅಂಟಿತ್ತು, ಮತ್ತೆ ಬೆಳಕು.

"ಹಾವು ಹರಿದ ಹಾಗಿದೆ," ಎಂದು ಅವನು ಮೊಣಕಾಲು ಕೊಡವಿಕೊಂಡು ಎದ್ದ. "ಇದನ್ನ ದೋಣಿಗೆ ಹೊಡೆದರೆ ಮೀನು ಹಿಡಿಯೋಕೆ ನಾವು ಹೋಗಬೇಕಾಗಿಲ್ಲ. ಮೀನೇ ಒಳಗೆ ಬಂದು ನಮ್ಮನ್ನ ಹಿಡ್ಕೊಂಡು ಹೋಗುತ್ತೆ."

ಯಾರೂ ನಗಲಿಲ್ಲ. ಕೊಯ್ಯುವ ಅಂಕಣದಲ್ಲಿದ್ದ ಏಳೆಂಟು ಜನರೂ ಒಟ್ಟಿಗೆ ತಲೆಯೆತ್ತಿ ಅಟ್ಟದ ಕಡೆ ನೋಡಿದರು. ಅಟ್ಟದ ಮೇಲೆ ಒಂದು ಕೋಣೆ, ಕೋಣೆಗೆ ಉದ್ದನೆಯ ಒಂದು ಕಿಟಕಿ. ಆ ಕಿಟಕಿಯಲ್ಲಿ ಡಾಕ್ಟರಮ್ಮ ನಿಂತಿದ್ದಳು.

ಡಾಕ್ಟರಮ್ಮ ಅಂದರೆ ಗರಗಸದ ಡಾಕ್ಟರಮ್ಮ. ಮರದ ಮಿಲ್ಲಿನಲ್ಲಿ ದಿಮ್ಮಿ ಕೊಯ್ಯುವವನ ಹೆಸರು ಊರಿಗೆಲ್ಲ ಗೊತ್ತು. ಆ ಗರಗಸಕ್ಕೆ ಹಲ್ಲು ಮಸೆದು, ಸುತ್ತಿಗೆಯಿಂದ ತಟ್ಟಿ ಹದ ಕೊಡುವವರು ಅಟ್ಟದಿಂದ ಇಳಿಯುವುದು ಊಟಕ್ಕೆ ಮಾತ್ರ; ಅವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಮೂವತ್ತೊಂದು ವರ್ಷ ಆ ಅಟ್ಟದಲ್ಲಿ ಕೂತವನು ಅವಳ ಸೋದರಮಾವ. ಕೈ ನಡುಗತೊಡಗಿದ ಮೇಲೆ ಅವನು ಸುತ್ತಿಗೆ ಕೆಳಗಿಟ್ಟ. ಅದನ್ನು ಇವಳು ಎತ್ತಿಕೊಂಡಳು. ಎತ್ತಿಕೊಂಡು ಏಳು ತಿಂಗಳಾಗಿತ್ತು. ಮೊದಲ ಆರು ತಿಂಗಳು ಯಾರೂ ಅಟ್ಟದ ಕಡೆ ತಲೆಯೆತ್ತಿ ನೋಡಿರಲಿಲ್ಲ. ಆ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ. ಈ ಒಂದು ತಿಂಗಳಿಂದ ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದರು.

ಅವಳು ಕೈಯ ಎಣ್ಣೆಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದಳು. ಹಲಗೆಯ ಮೇಲೆ ಅಂಗೈಯಾಡಿಸಿದಳು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಏರು, ತಗ್ಗು, ಏರು. ನಿದ್ದೆ ಬಾರದವರ ಹೊದಿಕೆಯ ಹಾಗೆ.

"ಹಾಳಾಗ್ತಿರೋ ನಾಲ್ಕನೇ ದಿಮ್ಮಿ ಇದು," ಎಂದರು ಚಿಕ್ಕ ಯಜಮಾನರು. ಮಿಲ್ಲು ಕಟ್ಟಿಸಿದ ದೊಡ್ಡ ಯಜಮಾನರ ಮಗ ಅವರು. ಬೈಯುವುದು ಬರುತ್ತಿರಲಿಲ್ಲ, ಬೈಯಬೇಕಾದಾಗಲೆಲ್ಲ ಚಷ್ಮಾ ತೆಗೆದು ಒರೆಸುತ್ತಿದ್ದರು. ಈಗಲೂ ಒರೆಸುತ್ತಿದ್ದರು. "ಚಕ್ರ ಎರಡನ್ನೂ ಬಿಚ್ಚಿ ವರ್ಕ್‌ಶಾಪಿಗೆ ಕಳಿಸಿ, ಹೊಸದರ ಹಾಗೆ ಕಡೆಸ್ಕೊಂಡು ಬಂದಿದ್ದೀವಿ. ಬೇರಿಂಗ್ ಹೊಸದು. ಬೆಲ್ಟ್ ಹೊಸದು. ಎಲ್ಲಾ ಹೊಸದು ಮಾಡಿದ ಮೇಲೆ ಹಲಗೆ ಹೀಗೆ ಬಂದರೆ, ಉಳಿದಿರೋದು ಏನು ಹೇಳಮ್ಮ?"

ಉಳಿದಿರುವುದು ಅವಳ ಕೈ. ಚಿಕ್ಕ ಯಜಮಾನರು ಚಷ್ಮಾ ಎತ್ತಿ ಬೆಳಕಿಗೆ ಹಿಡಿದರು.

"ಗುರುವಾರ ಪಟ್ಟಣದಿಂದ ಕಂಪನಿಯವರ ವ್ಯಾನು ಬರುತ್ತೆ. ಅವರೇ ಬ್ಲೇಡು ತರ್ತಾರೆ, ಅವರೇ ಹದ ಮಾಡ್ತಾರೆ, ಮೊಂಡಾದರೆ ಅವರೇ ತಗೊಂಡು ಹೋಗ್ತಾರೆ. ದೊಡ್ಡ ದಿಮ್ಮಿನ ಅದರಲ್ಲೇ ಕೊಯ್ಯೋದು. ಆಮೇಲೆ ಅಟ್ಟಕ್ಕೆ ಬೀಗ. ನೀನು ಒಣಹಾಕೋ ಶೆಡ್ಡಿಗೆ ಬಾ. ಅಲ್ಲಿ ನೆರಳಿದೆ, ಕೂತು ಮಾಡೋ ಕೆಲಸ."

"ನಾನು ನೆರಳು ಕೇಳಲಿಲ್ಲ," ಎಂದಳು ಅವಳು.

ಚಿಕ್ಕ ಯಜಮಾನರು ಚಷ್ಮಾ ಹಾಕಿಕೊಂಡು ಆಫೀಸಿಗೆ ಹೋದರು.

ದೊಡ್ಡ ದಿಮ್ಮಿ ಅಂಗಳದಲ್ಲಿ ಮಲಗಿತ್ತು. ಅದರ ಕಥೆಯನ್ನು ಮಿಲ್ಲಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು. ಬೆಟ್ಟದ ಬೆನ್ನಿನ ಕಾಡಿನಲ್ಲಿದ್ದ ಮರ ಅದು. ಕಡಿಯಲು ಅರಣ್ಯದವರು ಯಾವತ್ತೂ ಒಪ್ಪಿರಲಿಲ್ಲ. ಹೋದ ವರ್ಷದ ಗಾಳಿ ಯಾರ ಒಪ್ಪಿಗೆಯನ್ನೂ ಕೇಳದೆ ಅದನ್ನು ಮಲಗಿಸಿತು. ಗಾರ್ಡುಗಳು ಅಳತೆ ಹಿಡಿದು, ಬುಡಕ್ಕೆ ಮುದ್ರೆಯ ಸುತ್ತಿಗೆ ಹೊಡೆದು, ಹರಾಜಿಗಿಟ್ಟರು. ದೋಣಿ ಮೇಸ್ತ್ರಿ ಎರಡು ದಿನ ನಡೆದು ಹೋಗಿ, ಬಿದ್ದ ಮರದ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಿಗಾಲಲ್ಲಿ ಓಡಾಡಿ, ಒಂದೇ ಒಂದು ಗಂಟೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನು ಹಿಡಿದ. ಅವನ ಜೀವಮಾನದ ಅತಿ ದೊಡ್ಡ ದೋಣಿಗೆ ಎರಡೂ ಪಕ್ಕಕ್ಕೆ ಒಂದೂ ಜೋಡಣೆಯಿಲ್ಲದ ಹಲಗೆಗಳು ಈ ಒಂದರಲ್ಲೇ ಸಿಗಬೇಕಿತ್ತು. ಡಾಕ್ಟರಮ್ಮ ಒಂದು ಮಧ್ಯಾಹ್ನ ಅದರ ಬುಡದ ಉಂಗುರಗಳನ್ನು ಎಣಿಸಲು ಕೂತಿದ್ದಳು. ಇನ್ನೂರ ಹದಿನಾಲ್ಕರ ಹತ್ತಿರ ಯಾರೋ ಚಹಾಕ್ಕೆ ಕರೆದು ಲೆಕ್ಕ ತಪ್ಪಿತು. ಇಂಥದ್ದು ಇನ್ನೊಂದು ಇಲ್ಲ. ಇದರಲ್ಲಿ ಹಾವು ಹರಿದರೆ, ಹರಿದದ್ದೇ.

*

ಅಟ್ಟದ ಕೋಣೆಯಲ್ಲಿ ಗರಗಸದ ಪಟ್ಟಿ ಮೇಜಿನ ಮೇಲೆ ಉದ್ದಕ್ಕೆ ಒರಗಿತ್ತು. ಆರು ಅಂಗುಲ ಅಗಲ, ಐದು ಮಾರು ಸುತ್ತಳತೆ. ಒಂದು ಅಂಚಿಗೆ ಹಲ್ಲು, ಇನ್ನೊಂದು ಅಂಚು ಬೋಳು. ಕೆಳಗೊಂದು ಮೇಲೊಂದು ಆಳೆತ್ತರದ ಚಕ್ರ, ಅವೆರಡರ ಸುತ್ತ ಈ ಪಟ್ಟಿ ಓಡಬೇಕು. ಹಲ್ಲು ಚೂಪಾಗಿದ್ದರೆ ಸಾಲದು. ಪಟ್ಟಿಯ ಮಧ್ಯಭಾಗವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಕೂದಲೆಳೆಯಷ್ಟು ಹಿಗ್ಗಿಸಬೇಕು. ಮಧ್ಯ ಹಿಗ್ಗಿದರೆ ಎರಡೂ ಅಂಚು ಬಿಗಿಯಾಗುತ್ತವೆ. ಅಂಚು ಬಿಗಿಯಾಗಿದ್ದರೆ ಹಲ್ಲು ಅತ್ತಿತ್ತ ಹೊರಳದೆ ನೆಟ್ಟಗೆ ಹೋಗುತ್ತದೆ. ಹಿಗ್ಗಿದ್ದು ಎಷ್ಟು, ಸಾಕೋ ಬೇಕೋ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಮಾವನ ಬೆಳಕಿನ ಕೋಲು.

ಕೋಲು ಎಂದು ಕರೆದರೂ ಅದು ಉಕ್ಕಿನ ಒಂದು ಪಟ್ಟಿ. ಅಂಗೈಯಷ್ಟು ಉದ್ದ, ಎರಡು ಬೆರಳಗಲ. ಅದರ ಒಂದು ಅಂಚು ನೇರ; ಇನ್ನೊಂದು ಅಂಚು, ಹೇಳಿದರೆ ಮಾತ್ರ ಗೊತ್ತಾಗುವಷ್ಟು, ಬಿಲ್ಲಿನ ಹಾಗೆ ಉಬ್ಬಿತ್ತು. ಗರಗಸದ ಪಟ್ಟಿಯನ್ನು ಎತ್ತಿ ಬಾಗಿಸಿದರೆ ಮಧ್ಯದಲ್ಲಿ ಸಣ್ಣ ಹೊಟ್ಟೆಯ ಹಾಗೆ ತಗ್ಗಾಗುತ್ತದೆ. ಆ ತಗ್ಗಿಗೆ ಕೋಲಿನ ಉಬ್ಬು ಕೂರಿಸಿ, ಹಿಂದೆ ದೀಪ ಇಟ್ಟು ನೋಡಬೇಕು. ಬೆಳಕು ಎಲ್ಲಿಯೂ ಸೋರದಿದ್ದರೆ ಹದ ಸರಿ.

ಅವಳು ಕೂರಿಸಿದಳು, ದೀಪ ಹಿಡಿದಳು, ನೋಡಿದಳು. ಬೆಳಕು ಸೋರಲಿಲ್ಲ. ಪಟ್ಟಿಯ ಸುತ್ತ ನಲವತ್ತು ಕಡೆ ನೋಡಿದಳು. ನಲವತ್ತು ಕಡೆಯೂ ಇರುವೆಯ ಮೀಸೆ ತೂರುವಷ್ಟೂ ಸಂದಿಲ್ಲ. ತಪ್ಪು ಸಿಕ್ಕಿದ್ದರೆ ಹೊಟ್ಟೆಗೆ ಹಾಲು ಹುಯ್ದ ಹಾಗಾಗುತ್ತಿತ್ತು. ತಪ್ಪು ಎಲ್ಲಿಯೂ ಇರಲಿಲ್ಲ. ಅವಳು ದೀಪ ಆರಿಸಿದಳು.

ಕೋಲಿನ ಮೇಲೆ ನಡುಮಧ್ಯೆ, ಉಬ್ಬಿದ ಅಂಚಿಗೆ ಅಂಟಿಕೊಂಡು ಒಂದು ಅರ್ಧಚಂದ್ರದ ಗುರುತಿತ್ತು, ಕೊತ್ತಂಬರಿ ಬೀಜದಷ್ಟು. ಚಿಕ್ಕವಳಿದ್ದಾಗ ಮಾವನಿಗೆ ಊಟದ ಡಬ್ಬಿ ತರುವ ಕೆಲಸ ಇವಳದ್ದು. ಮಾವ ಉಣ್ಣುವಷ್ಟು ಹೊತ್ತು ಆ ಕೋಲು ಇವಳ ಕೈಯಲ್ಲಿರುತ್ತಿತ್ತು. ಚಂದ್ರ ಯಾಕೆ ಅರ್ಧ ಎಂದು ಒಮ್ಮೆ ಅಜ್ಜಿಯನ್ನು ಕೇಳಿದ್ದಳು. ಅಜ್ಜಿಗೆ ಯಾವ ಪ್ರಶ್ನೆಗೂ ಉತ್ತರ ಗೊತ್ತಿರಲಿಲ್ಲ, ಎಲ್ಲ ಪ್ರಶ್ನೆಗೂ ಒಂದು ಕಥೆ ಗೊತ್ತಿತ್ತು. ಕಾಡಿನ ದೊಡ್ಡ ಮರ ಕಡಿಯಲು ಹೋದ ಒಬ್ಬ ಬಡಗಿಗೆ ಹೊತ್ತು ಮುಳುಗಿತಂತೆ. ಬೆಳಕು ಕೊಡು ಎಂದು ಚಂದ್ರನನ್ನು ಬೇಡಿದನಂತೆ. ಚಂದ್ರ ಬಗ್ಗಿ ಬಂದು ಕೊಂಬೆಗೆ ಸಿಕ್ಕಿಕೊಂಡನಂತೆ. ಬಿಡಿಸಲು ಹೋಗಿ ಬಡಗಿಯ ಗರಗಸ ಅರ್ಧಕ್ಕೆ ಕೊಯ್ದೇಬಿಟ್ಟಿತಂತೆ. ಆ ಅರ್ಧವೇ ನಿನ್ನ ಮಾವನ ಹತ್ತಿರ ಇರೋದು, ಎಂದಿದ್ದಳು ಅಜ್ಜಿ. ಆ ಮೇಲೆ ಎಷ್ಟೋ ದಿನ ಆಕಾಶದಲ್ಲಿ ಅರ್ಧಚಂದ್ರ ಕಂಡಾಗಲೆಲ್ಲ ಇವಳಿಗೆ ಕಳ್ಳತನದ ಮಾಲು ಮನೆಯಲ್ಲಿಟ್ಟುಕೊಂಡಂಥ ಪುಕುಪುಕು.

ಕೆಳಗೆ ಊಟದ ಹೊತ್ತಾಗಿತ್ತು. ಅವಳು ಇಳಿದು ಗರಗಸದವನ ಪಕ್ಕ ಹೋಗಿ ಕೂತಳು. ಅವನಿಗೆ ಎಲ್ಲರೂ ಅರೆಮಾತಣ್ಣ ಎನ್ನುತ್ತಿದ್ದರು. ಯಾವ ಮಾತನ್ನೂ ಅವನು ಕೊನೆ ಮುಟ್ಟಿಸಿದವನಲ್ಲ. ಮದುವೆಯಲ್ಲಿ ಕೂಡ ಒಪ್ಪಿಗೆ ಅರ್ಧವೇ ಹೇಳಿದ್ದ, ಅದಕ್ಕೇ ಹೆಂಡತಿ ಅರ್ಧವೇ ಮಾತು ಕೇಳುತ್ತಾಳೆ ಎಂದು ಆಡಿಕೊಳ್ಳುತ್ತಿದ್ದರು.

"ಅರೆಮಾತಣ್ಣ, ನನ್ನ ಮೇಲೆ ಸಿಟ್ಟಿದ್ದರೆ ಆಮೇಲೆ ಬೈಯಿ. ಮೊದಲು ಇದು ಹೇಳು. ಬ್ಲೇಡು ಓಡುವಾಗ ಹೇಗೆ ಸದ್ದು ಮಾಡುತ್ತೆ?"

ಅವನು ತುತ್ತು ನುಂಗಿ ಯೋಚಿಸಿದ. "ಮೊದಲು ಹೀಗೆ ಮೀಟಿದ ತಂತಿ... ಈಗ ಅಂಚೆಲ್ಲ ಪಟಪಟಾಂತ, ಹಗ್ಗದ ಮೇಲೆ ಒಣಹಾಕಿದ..."

"ಬಟ್ಟೆ ಥರ?"

"ಹೂಂ. ಚಕ್ರ ಬಂದಾಗಿನಿಂದ..."

ಅವಳು ಎದ್ದಳು. ಬ್ಲೇಡು ಬಿಚ್ಚಿದ್ದ ಯಂತ್ರದ ಹತ್ತಿರ ಹೋಗಿ, ಕೆಳಗಿನ ಚಕ್ರದ ಹೊಳೆಯುವ ಮೈಯ ಮೇಲೆ ಅಡ್ಡಡ್ಡಕ್ಕೆ ಅಂಗೈ ಇಟ್ಟಳು. ಕಣ್ಣು ಮುಚ್ಚಿದಳು. ಹಳೆಯ ಚಕ್ರವನ್ನು ನೂರಾರು ಸಲ ಒರೆಸಿದ್ದ ಕೈ ಅದು. ಆ ಚಕ್ರದ ಮೈ ನೆಲದ ಹಾಗೆ ಚಪ್ಪಟೆ ಇತ್ತು. ಇದು ಚಪ್ಪಟೆ ಇರಲಿಲ್ಲ. ಅಂಗೈಯ ನಡುವಿಗೆ ಏನೋ ಮೆಲ್ಲಗೆ ಒತ್ತುತ್ತಿತ್ತು. ಬೆನ್ನು ಉಬ್ಬಿಸಿದ ಬೆಕ್ಕನ್ನು ಸವರಿದ ಹಾಗೆ.

ಅವಳು ಕಣ್ಣು ತೆರೆದಳು. ವರ್ಕ್‌ಶಾಪಿನವರು ಚಕ್ರವನ್ನು ಹೊಸದರ ಹಾಗೆಯೇ ಮಾಡಿ ಕಳಿಸಿದ್ದರು. ಹೊಸ ಚಕ್ರಕ್ಕೆ ಬೆನ್ನುಬ್ಬು ಇರುತ್ತದೆ. ಮೂವತ್ತು ವರ್ಷ ಓಡಿ ಓಡಿ ಹಳೆಯದರ ಉಬ್ಬೆಲ್ಲ ಸವೆದುಹೋಗಿತ್ತು. ಎಲ್ಲರಿಗೂ ಆ ಸವೆದದ್ದೇ ಸರಿ ಎಂದು ರೂಢಿಯಾಗಿತ್ತು. ಕುಂಬಳಕಾಯಿಯ ಸುತ್ತ ಬಟ್ಟೆ ಕಟ್ಟಿದರೆ ಮಧ್ಯ ಬಿಗಿ, ಅಂಚು ಜೋಲು. ಅಷ್ಟೇ ಆಗಿರುವುದು. ಬ್ಲೇಡಿಗೆ ಇನ್ನಷ್ಟು ಹೊಟ್ಟೆ ಬೇಕು. ಮಧ್ಯವನ್ನು ಇನ್ನೂ ಹಿಗ್ಗಿಸಬೇಕು. ಎಷ್ಟು?

ಎಷ್ಟೆಂದು ಹೇಳಬೇಕಾದದ್ದು ಕೋಲು. ಆ ಕೋಲೇ ಈಗ ತಪ್ಪು ಹೇಳುತ್ತಿತ್ತು. ಸರಿ ಹೇಳಬೇಕಾದರೆ ಅದರ ಎರಡೂ ತುದಿಗಳನ್ನು ಅರದಿಂದ ಉಜ್ಜಿ ಇಳಿಸಿ, ಉಬ್ಬು ಹೆಚ್ಚಿಸಬೇಕು. ಮಾವನ ಕೋಲಿಗೆ ಅರ ಹಚ್ಚಬೇಕು. ಅವಳು ಚಕ್ರದ ಮೇಲಿಂದ ಕೈ ತೆಗೆದಳು.

*

"ಆ ಕೋಲು ಮೊದಲ ದಿನ ಹೇಗಿತ್ತೋ ಇವತ್ತೂ ಹಾಗೇ ಇದೆ," ಎಂದ ಮಾವ.

ಸಂಜೆಯ ಬಿಸಿಲು ಮನೆಯ ಕಿಟಕಿಯಿಂದ ಬಂದು ಅವನ ಮಂಡಿಯ ಮೇಲೆ ಬಿದ್ದಿತ್ತು. ನಡುಗುವ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡು ಕೂರುವುದು ಅವನ ಈಚಿನ ಅಭ್ಯಾಸ. ಯಾರದೋ ತುಂಟ ಮಗುವನ್ನು ಹಿಡಿದು ಕೂರಿಸಿದ ಹಾಗೆ. ಅತ್ತೆ ಮೇಜಿನ ಹತ್ತಿರ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು.

"ಆ ಕೋಲನ್ನ ಮಾಡಿದಾಗ ನನಗೆ ಇಪ್ಪತ್ತೇಳು ವರ್ಷ. ದೊಡ್ಡ ಯಜಮಾನರು ಬಂದು ನೋಡಿ, ಇದು ಮಿಲ್ಲಿನ ಕಣ್ಣು ಕಣಯ್ಯ ಅಂದರು. ಮೂವತ್ತೊಂದು ವರ್ಷ ಅದನ್ನ ನಂಬಿ ಕೊಯ್ದಿದೀವಿ. ಒಂದು ಹಲಗೆ ವಾಪಸ್ ಬಂದಿಲ್ಲ. ಈಗ ನಿನಗೆ ಕೈ ಕೂರಲಿಲ್ಲ ಅಂತ ಕೋಲು ತಪ್ಪು."

"ಮಾವ, ಚಕ್ರ ಬದಲಾಗಿದೆ."

"ಚಕ್ರ ಬದಲಾಗುತ್ತೆ, ಯಜಮಾನ ಬದಲಾಗ್ತಾನೆ, ನಾಳೆ ಮರಾನೂ ಬದಲಾಗುತ್ತೆ. ಬದಲಾಗದೇ ಇರೋದು ಒಂದು ಬೇಕಲ್ಲ. ಅದಕ್ಕೇ ಅದನ್ನ ಮಾಡಿದ್ದು. ಎಲ್ಲರೂ ಬಂದು ಬಂದು ಒಂದೊಂದು ಸಲ ಉಜ್ಜಿದರೆ ಅದು ಕೋಲಾ, ಸೋಪಾ?"

ಅವಳು ಜೇಬಿನಿಂದ ಕೋಲನ್ನು ತೆಗೆದು, ಸುತ್ತಿದ್ದ ಬಟ್ಟೆ ಬಿಚ್ಚಿ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಕೈ ಬಿಡಲು ಮನಸ್ಸಾಗದೆ ಹೆಬ್ಬೆರಳಿನಿಂದ ಅರ್ಧಚಂದ್ರವನ್ನು ಸವರುತ್ತ ನಿಂತಳು. ಗುರುವಾರದ ನಂತರ ಇದನ್ನು ಎಲ್ಲಿಡುವುದು? ಒಣಹಾಕುವ ಶೆಡ್ಡಿನಲ್ಲಿ ಇದಕ್ಕೆ ಮೊಳೆ ಇರುವುದಿಲ್ಲ.

"ಚಿಕ್ಕವಳಿದ್ದಾಗಿನಿಂದ ಕೇಳಬೇಕು ಅಂತಿದ್ದೆ. ಈ ಅರ್ಧಚಂದ್ರ ಯಾಕೆ ಹೊಡೆದಿರಿ ಮಾವ?"

"ಅರ್ಧಚಂದ್ರ ಎಲ್ಲಿಂದ ಬಂತೇ? ಅದು ಚಕ್ರದ ಗುರುತು. ಪೂರ್ತಿ ರೌಂಡು. ನನ್ನ ಪಂಚಿನಲ್ಲಿ ನಾನೇ ಹೊಡೆ..."

ಮಾತು ಅಲ್ಲಿಗೇ ನಿಂತಿತು. ಅರೆಮಾತಣ್ಣ ಕೂಡ ಅಷ್ಟು ಚೊಕ್ಕವಾಗಿ ನಿಲ್ಲಿಸುತ್ತಿರಲಿಲ್ಲ.

ಅವಳು ಕೋಲನ್ನು ಬೆಳಕಿಗೆ ಹಿಡಿದಳು. ಅರ್ಧ ಉಂಗುರ, ಅದರ ಕೊನೆಗಳು ಉಬ್ಬಿದ ಅಂಚಿಗೆ ಹೋಗಿ ಮುಗಿದಿದ್ದವು. ಅಂಚಿನಾಚೆಗೆ ಇನ್ನರ್ಧ ಇರಬೇಕಾಗಿತ್ತು, ಅಲ್ಲಿ ಗಾಳಿ ಇತ್ತು. ಉಕ್ಕಿನ ಮೇಲೆ ಹೊಡೆದ ಗುರುತು ತಾನಾಗಿ ಅರ್ಧವಾಗುವುದಿಲ್ಲ. ಅಷ್ಟಗಲದ ಉಕ್ಕು ಎಲ್ಲಿಗೋ ಹೋಗಿತ್ತು, ಸ್ವಲ್ಪ ಸ್ವಲ್ಪವಾಗಿ, ವರ್ಷಗಟ್ಟಲೆ.

ಚಾಕುವಿನ ಸದ್ದು ನಿಂತಿತು. ಅತ್ತೆ ಕಣ್ಣೊರೆಸಿಕೊಳ್ಳುತ್ತ ಇತ್ತ ತಿರುಗಿದಳು. ಈರುಳ್ಳಿಯ ನೀರೋ ನಗುವಿನ ನೀರೋ ಗೊತ್ತಾಗಲಿಲ್ಲ.

"ವರ್ಷಕ್ಕೆ ಒಂದು ಸಲ," ಎಂದಳು ಅತ್ತೆ, "ಹಿತ್ತಲಿಗೆ ಹೋಗಿ, ನನಗೆ ಬೆನ್ನು ಹಾಕಿ ಕೂತು, ಅರ ಹಿಡಿದು ಕಿರಿಕಿರಿ ಕಿರಿಕಿರಿ. ಏನ್ರೀ ಅದು ಅಂದರೆ, ಚಾಕು ಮಸೀತಿದೀನಿ ಅನ್ನೋರು. ಮೂವತ್ತು ವರ್ಷ ಮಸೆದಿದಾರೆ ನೋಡು." ಮೊಂಡು ಚಾಕುವನ್ನು ಎತ್ತಿ ಈರುಳ್ಳಿಯ ಮೇಲೆ ಒತ್ತಿದಳು. ಈರುಳ್ಳಿ ಜಾರಿ ನೆಲಕ್ಕೆ ಬಿದ್ದು ಮಾವನ ಕಾಲಿನವರೆಗೆ ಉರುಳಿತು.

ಮಾವ ಈರುಳ್ಳಿಯನ್ನು ನೋಡಿದ. ಕಿಟಕಿಯನ್ನು ನೋಡಿದ. ಬೇರೆ ಎಲ್ಲಿಯೂ ನೋಡಲು ಜಾಗ ಉಳಿಯದಾಗ ಎದ್ದು, ಗೋಡೆಯ ಕಪಾಟು ತೆಗೆದು, ಹಿಂದಿನಿಂದ ಎಣ್ಣೆಬಟ್ಟೆಯ ಒಂದು ಸುರುಳಿಯನ್ನು ಹೊರತೆಗೆದ. ಬೆರಳುಗಳು ನಡುಗಿ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಒಳಗೆ ಬೆರಳುದ್ದದ ಸಣ್ಣ ಅರವಿತ್ತು, ಹಿಡಿ ಸವೆದು ನುಣುಪಾಗಿತ್ತು.

"ತಗೋ," ಎಂದ. "ಚಾಕು ಮಸೆಯೋದು."

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ನಾನು ಪ್ರತಿ ಸಲ ಮಧ್ಯ ಇಳಿಸ್ತಾ ಬಂದೆ. ನೀನು ತುದಿ ಇಳಿಸಬೇಕು. ಎಷ್ಟು ಅಂತ ನನ್ನ ಕೇಳಬೇಡ. ಚಕ್ರನ ಕೇಳು. ಅದರ ಬೆನ್ನ ಮೇಲೆ ತಗಡಿಟ್ಟು ಗೀರು, ಅದೇ ಹೇಳುತ್ತೆ." ಸ್ವಲ್ಪ ತಡೆದು, ಅತ್ತೆಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ, "ಒಂದೇ ಕಡೆಗೆ ಎಳಿ. ಹಿಂದೆ ಮುಂದೆ ಉಜ್ಜಬೇಡ," ಎಂದ.

"ಕೇಳಿಸ್ತು," ಎಂದಳು ಅತ್ತೆ.

*

ಬುಧವಾರ ಬೆಳಿಗ್ಗೆ ಅವಳು ತಗಡಿನ ಒಂದು ಚೂರನ್ನು ಚಕ್ರದ ಬೆನ್ನಿಗೆ ಅಡ್ಡವಾಗಿ ನಿಲ್ಲಿಸಿ, ಸೂಜಿಯಿಂದ ಗೀರಿ, ಕತ್ತರಿಸಿ, ಮತ್ತೆ ಇಟ್ಟು, ಮತ್ತೆ ಗೀರಿ, ಬೆಳಕು ಸೋರದ ಹಾಗೆ ಕೂರಿಸಿದಳು. ಅದನ್ನು ಅಟ್ಟಕ್ಕೆ ತಂದು ಕೋಲಿನ ಪಕ್ಕ ಇಟ್ಟಳು. ಕೋಲನ್ನು ಮೇಜಿನ ವೈಸಿಗೆ ಕಚ್ಚಿಸಿ ಬಿಗಿದಳು. ಅರ ಎತ್ತಿದಳು.

ಮೊದಲ ಎಳೆತಕ್ಕೆ ಅವಳ ಕೈಯೇ ಅವಳ ಮಾತು ಕೇಳಲಿಲ್ಲ. ಎರಡನೆಯದಕ್ಕೆ ಕೇಳಿತು. ಹಿಟ್ಟಿನಂಥ ಉಕ್ಕಿನ ಪುಡಿ ಬಿಳಿಯ ಕಾಗದದ ಮೇಲೆ ಉದುರತೊಡಗಿತು. ಮೂರು ಎಳೆತ, ಒಂದು ನೋಟ. ಮೂರು ಎಳೆತ, ಒಂದು ನೋಟ. ಏನೋ ಕೇಳಲು ಮೆಟ್ಟಿಲು ಹತ್ತಿ ಬಂದ ಅರೆಮಾತಣ್ಣ ಬಾಗಿಲಲ್ಲೇ ಕಂಬವಾಗಿ ನಿಂತ.

"ಅದು ನಿಮ್ಮ ಮಾವನ..."

"ಹೂಂ."

"ಅದನ್ನೇ ನೀನು..."

"ಹೂಂ."

ಅವನು ಬಾಯಿ ಮುಚ್ಚಿಕೊಂಡು ಕೆಳಗಿಳಿದು ಹೋದ. ಕೇಳಲು ಬಂದದ್ದನ್ನು ಮರೆತೇಬಿಟ್ಟಿದ್ದ. ಆದರೆ ಮಧ್ಯಾಹ್ನ ಯಾರೋ ಅಟ್ಟಕ್ಕೆ ಹೋಗಲು ಕಾಲೆತ್ತಿದಾಗ ಅವನು ಮೆಟ್ಟಿಲಿಗೆ ಅಡ್ಡಲಾಗಿ ಕೂತು ಬೀಡಿ ಹಚ್ಚಿದ್ದನ್ನು ಅವಳು ಕಿಟಕಿಯಿಂದ ಕಂಡಳು.

ಕೋಲು ಆದ ಮೇಲೆ ಬ್ಲೇಡು. ಅಡಿಗಲ್ಲಿನ ಮೇಲೆ ಪಟ್ಟಿಯನ್ನು ಸರಿಸುತ್ತ, ಮಧ್ಯದಲ್ಲಿ ಸುತ್ತಿಗೆ ಇಳಿಸುತ್ತ ಹೋದಳು. ಟಣ್, ಟಣ್, ಟಣ್. ಜೋರಾಗಿ ಅಲ್ಲ, ಮಲಗಿದ ಮಗುವಿನ ಬೆನ್ನು ತಟ್ಟುವುದಕ್ಕಿಂತ ಸ್ವಲ್ಪ ಬಲವಾಗಿ. ಒಂದು ಗೇಣು ತಟ್ಟುವುದು, ಬಾಗಿಸುವುದು, ಕೋಲಿಡುವುದು, ದೀಪ ಹಿಡಿಯುವುದು. ಈಗ ಎಲ್ಲ ಕಡೆಯೂ ಬೆಳಕು ಸೋರುತ್ತಿತ್ತು. ಅವಳು ಒಂದೊಂದೇ ಸೋರಿಕೆಯನ್ನು ಮುಚ್ಚುತ್ತ ಬಂದಳು. ಐದು ಮಾರು. ಹೊತ್ತು ಇಳಿಯುವಷ್ಟರಲ್ಲಿ ಕೊನೆಯ ಗೇಣಿನಲ್ಲಿ ಕೊನೆಯ ಬೆಳಕೂ ಆರಿತು. ಭುಜ ಎನ್ನುವುದು ತನ್ನದಲ್ಲ, ಯಾರಿಂದಲೋ ಎರವಲು ತಂದದ್ದು ಎನ್ನಿಸುತ್ತಿತ್ತು.

*

ಗುರುವಾರ ಎಂಟು ಗಂಟೆಗೆ ಅವಳೂ ಅರೆಮಾತಣ್ಣನೂ ಬ್ಲೇಡನ್ನು ಚಕ್ರಕ್ಕೆ ಏರಿಸುತ್ತಿದ್ದಾಗ ಚಿಕ್ಕ ಯಜಮಾನರು ಬಂದರು.

"ಏನಮ್ಮ ಇದು? ವ್ಯಾನು ಹೊರಟಾಗಿದೆ ಅಂತ ಫೋನು ಬಂತು."

"ಬರಲಿ ಸರ್. ಅಷ್ಟರಲ್ಲಿ ಒಂದು ಹಲಗೆ. ಆ ಹಾಳಾದ ದಿಮ್ಮಿಯಲ್ಲೇ ಅರ್ಧ ಉಳಿದಿದೆ. ಅದು ಹೇಗೂ ಹಾಳಾದದ್ದೇ."

ಅವರು ಚಷ್ಮಾ ತೆಗೆದರು. ಒರೆಸಲು ಶುರುಮಾಡುವ ಮೊದಲೇ ದೋಣಿ ಮೇಸ್ತ್ರಿ ಅಂಗಳದಿಂದ, "ಕೊಯ್ಯಲಿ ಬಿಡಿ. ನನಗೂ ಸುಮ್ಮನೆ ಕೂತು ಕೂತು ಬೇರು ಬಿಟ್ಟಿದೆ," ಎಂದ.

ಯಂತ್ರ ಎದ್ದಿತು. ಚಕ್ರ ತಿರುಗಿ ವೇಗಕ್ಕೆ ಬರುತ್ತಿದ್ದ ಹಾಗೆ ಅರೆಮಾತಣ್ಣನ ಕಿವಿ ನೆಟ್ಟಗಾದದ್ದನ್ನು ಅವಳು ಕಂಡಳು. ಪಟಪಟ ಇಲ್ಲ. ಎಲ್ಲಿಂದಲೋ ಒಂದು ಸಣ್ಣ, ಉದ್ದನೆಯ ಸ್ವರ. ಅವನು ಉಳಿದರ್ಧ ದಿಮ್ಮಿಯನ್ನು ತಳ್ಳಿದ. ಹಲಗೆ ಕಳಚಿ ಬಿತ್ತು. ಮೇಸ್ತ್ರಿ ನೂಲು ಒದ್ದೆ ಮಾಡಿ, ಹಿಡಿದು, ಕೆನ್ನೆ ಆನಿಸಿ, ಆ ತುದಿಯಿಂದ ಈ ತುದಿಗೆ ನೋಡಿದ. ಮತ್ತೆ ಈ ತುದಿಯಿಂದ ಆ ತುದಿಗೆ ನೋಡಿದ. ಎದ್ದು ನೂಲನ್ನು ಬೆರಳಿಗೆ ಸುತ್ತಿಕೊಂಡ.

"ದೊಡ್ಡದನ್ನ ಏರಿಸಿ," ಎಂದ.

"ಇನ್ನೊಂದು ಗಂಟೆಯಲ್ಲಿ ಕಂಪನಿ ಬ್ಲೇಡೇ ಬರುತ್ತಲ್ಲ," ಎಂದರು ಚಿಕ್ಕ ಯಜಮಾನರು. "ಒಂದು ಹಲಗೆ ನೆಟ್ಟಗೆ ಬಂತು ಅಂತ..."

"ದಿಮ್ಮಿ ನನ್ನದು. ಹಾಳಾದರೆ ಅಳೋನೂ ನಾನೇ. ಏರಿಸಿ."

ಹನ್ನೊಂದು ಜನ ಸೇರಿ, ಸನ್ನೆಗೋಲು ಹಾಕಿ, ಸರಪಳಿ ಎಳೆದು ಅದನ್ನು ದಿಮ್ಮಿ ತಳ್ಳುವ ಗಾಡಿಯ ಮೇಲೆ ಹತ್ತಿಸಿದರು. ಗಾಡಿ ಭಾರಕ್ಕೆ ನರಳಿತು. ಕಾಡಿನವರ ಮುದ್ರೆಯಿದ್ದ ಬುಡ ಗರಗಸದ ಎದುರಿಗೆ ಬಂದು ನಿಂತಿತು. ಎದುರಿನಿಂದ ನೋಡಿದರೆ ಬ್ಲೇಡು ಅದರ ಮುಂದೆ ಒಂದು ದಾರ, ಅಷ್ಟೇ. ಡಾಕ್ಟರಮ್ಮನಿಗೆ ಅಟ್ಟಕ್ಕೆ ಓಡಿಹೋಗಿ ಕಿಟಕಿ ಮುಚ್ಚಿಕೊಳ್ಳೋಣ ಎನ್ನಿಸಿತು. ಹೋಗಲಿಲ್ಲ. ಅರೆಮಾತಣ್ಣ ಅವಳ ಕಡೆ ನೋಡಿದ. ಅವಳು ತಲೆಯಾಡಿಸಿದಳು.

ಹಲ್ಲು ಮರವನ್ನು ಮುಟ್ಟಿತು.

ಒದರಾಟ ಬರುತ್ತದೆ ಎಂದು ಎಲ್ಲರೂ ಹೆಗಲು ಬಿಗಿ ಮಾಡಿಕೊಂಡಿದ್ದರು. ಬಂದದ್ದು ಒಂದೇ ಸಮನಾದ ಗುಂಯ್‌ಗುಡುವಿಕೆ. ಅದು ಮರದ ಒಳಗಿನಿಂದಲೇ ಏಳುತ್ತಿರುವ ಹಾಗಿತ್ತು, ಇಷ್ಟು ವರ್ಷ ಬಾಯಿ ಬಿಡದೆ ನಿಂತಿದ್ದದ್ದು ಈಗ ಹೇಳಲು ಶುರುಮಾಡಿದ ಹಾಗೆ. ಒದ್ದೆಯಾದ, ಸಿಹಿಯಾದ ವಾಸನೆ ಅಂಕಣದ ತುಂಬ ಹಬ್ಬಿತು. ಹೊಟ್ಟು ಸಣ್ಣದಾಗಿ, ಒಂದೇ ಧಾರೆಯಾಗಿ ಸುರಿಯಿತು. ಗಾಡಿ ತೆವಳುತ್ತ ಹೋಯಿತು, ಹೋಗುತ್ತಲೇ ಇತ್ತು, ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದಕ್ಕೆ. ಅರೆಮಾತಣ್ಣ ವೇಗ ಇಳಿಸಲಿಲ್ಲ; ಅರ್ಧ ದಾರಿಯಲ್ಲಿ ಇನ್ನಷ್ಟು ಏರಿಸಿದ. ತೊಗಟೆಯ ಕಡೆಯ ಚಕ್ಕೆ ಮೊದಲು ಕಳಚಿತು. ಗಾಡಿ ಹಿಂದೆ ಬಂತು, ಮತ್ತೆ ಹೋಯಿತು. ಮೊದಲ ಹಲಗೆ ನಿಧಾನವಾಗಿ ಹೊರಳಿ, ಆರು ಜನರ ಕೈ ಮೇಲೆ ಮಲಗಿತು. ಜೇನಿನ ಬಣ್ಣ. ಮೇಲಿಂದ ಕೆಳಗಿನವರೆಗೆ ಗೆರೆ ಗೆರೆ, ಬಾಚಿದ ಕೂದಲಿನ ಹಾಗೆ.

ನೂಲು ಹಿಡಿದರು. ಮೇಸ್ತ್ರಿ ಕೆನ್ನೆ ಆನಿಸಿದ. ಬಹಳ ಹೊತ್ತು ಏಳಲಿಲ್ಲ. ಅವನು ನೋಡುತ್ತಿಲ್ಲ, ಸುಮ್ಮನೆ ಹಲಗೆಯ ಮೇಲೆ ತಲೆಯಿಟ್ಟು ಮಲಗಿದ್ದಾನೆ ಎಂದು ಅವಳಿಗೆ ಆಮೇಲೆ ಹೊಳೆಯಿತು.

"ಬೆಳಕಿಲ್ಲ," ಎಂದ ಅವನು ಕೊನೆಗೆ.

ಆಗ ಅರೆಮಾತಣ್ಣ ಟೋಪಿ ತೆಗೆದು, ತಲೆಯ ಹೊಟ್ಟು ಕೊಡವಿ, ಎಲ್ಲರಿಗೂ ಕೇಳುವ ಹಾಗೆ, "ಇಪ್ಪತ್ತೆರಡು ವರ್ಷದಿಂದ ಇಲ್ಲಿ ದಿಮ್ಮಿ ಕೊಯ್ಯುತ್ತಾ ಇದ್ದೀನಿ, ಇಂಥಾ ಬ್ಲೇಡು ನನ್ನ ಕೈಗೆ ಇದುವರೆಗೆ ಯಾರೂ ಕೊಟ್ಟಿಲ್ಲ," ಎಂದ. ಮೊದಲಿನಿಂದ ಕೊನೆಯವರೆಗೆ, ಪೂರ್ತಿ. ಹಲಗೆಗಿಂತ ಈ ಮಾತಿಗೇ ಜನ ಹೆಚ್ಚು ದಂಗಾದರು. ಯಾರೋ ಸಿಳ್ಳೆ ಹಾಕಿದರು. ಆಮೇಲೆ ಎಲ್ಲರೂ ಹಾಕಿದರು. ಸನ್ನೆಗೋಲಿನಿಂದ ಸರಪಳಿಗೆ ಬಡಿದು ಸದ್ದು ಮಾಡಿದರು. ಆ ಗದ್ದಲದಲ್ಲಿ ವ್ಯಾನು ಗೇಟಿನೊಳಗೆ ಬಂದದ್ದು ಯಾರಿಗೂ ಕೇಳಿಸಲಿಲ್ಲ.

ನೀಲಿ ಸಮವಸ್ತ್ರದ ಡ್ರೈವರು ಇಳಿದು ಕೈಯಲ್ಲೊಂದು ಕಾಗದ ಹಿಡಿದುಕೊಂಡು ಬಂದ. "ಬ್ಲೇಡು ಎಲ್ಲಿ ಇಳಿಸಬೇಕು ಸರ್? ಹಳೇದು ಎಲ್ಲಿದೆ, ತಗೊಂಡು ಹೋಗಬೇಕು."

ಚಿಕ್ಕ ಯಜಮಾನರು ಚಷ್ಮಾ ಒರೆಸುತ್ತಿದ್ದರು. ಒರೆಸಿದರು, ಹಾಕಿಕೊಂಡರು, ಹಲಗೆಯನ್ನು ನೋಡಿದರು, ಡಾಕ್ಟರಮ್ಮನನ್ನು ನೋಡಿದರು.

"ದೂರದಿಂದ ಬಂದಿದ್ದೀಯ," ಎಂದರು ಡ್ರೈವರಿಗೆ. "ಚಹಾ ಕುಡಿದು ಹೋಗು."

*

ಕೊನೆಯ ಹಲಗೆ ಬೀಳುವ ಹೊತ್ತಿಗೆ ಮಾವ ಬಂದಿದ್ದ. ಸುದ್ದಿ ಯಾರು ಮುಟ್ಟಿಸಿದರೋ. ಅತ್ತೆಯ ಹೆಗಲು ಹಿಡಿದು ಅಂಗಳ ದಾಟಿದ. ಪೇರಿಸಿಟ್ಟ ಹಲಗೆಗಳ ಮೇಲೆ ಅಂಗೈ ಇಟ್ಟು, ಅದು ನಡುಗುತ್ತಿದ್ದ ಹಾಗೆಯೇ, ಈ ತುದಿಯಿಂದ ಆ ತುದಿಗೆ ನಡೆದ. ಆ ತುದಿ ಮುಟ್ಟಿ ಅಟ್ಟದ ಮೆಟ್ಟಿಲಿನ ಕಡೆ ತಿರುಗಿದ. ಹದಿನಾಲ್ಕು ಮೆಟ್ಟಿಲಿಗೆ ಮೂರು ಸಲ ನಿಂತ.

ಕೋಲು ಮೊಳೆಯಲ್ಲಿ ನೇತಾಡುತ್ತಿತ್ತು. ಅವನು ಅದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ಹೊಸ ಉಬ್ಬಿನ ಮೇಲೆ ಉಗುರು ಆಡಿಸಿದ. ಜೇಬಿಗೆ ಕೈಹಾಕಿ ಗುರುತು ಹೊಡೆಯುವ ಸಣ್ಣ ಪಂಚನ್ನು ತೆಗೆದು ಅವಳ ಮುಂದಿಟ್ಟ. ಅದರ ಬಾಯಿ ದುಂಡಗಿತ್ತು.

ಅವಳು ಕೋಲನ್ನು ಅಡಿಗಲ್ಲಿನ ಮೇಲಿಟ್ಟಳು. ಅರ್ಧಚಂದ್ರದ ಪಕ್ಕಕ್ಕೆ, ಅಂಚಿಗೆ ಹತ್ತಿಸಿ, ಪಂಚನ್ನು ನಿಲ್ಲಿಸಿ ಸುತ್ತಿಗೆ ಎತ್ತಿದಳು.

"ಅಲ್ಲಿ ಬೇಡ," ಎಂದ ಮಾವ. "ಇನ್ನೂ ಸ್ವಲ್ಪ ಕೆಳಗೆ. ಅರಕ್ಕೆ ಜಾಗ ಬಿಡು."

ಅವಳು ಪಂಚನ್ನು ಅಂಚಿನಿಂದ ಕೆಳಕ್ಕೆ, ಖಾಲಿ ಉಕ್ಕಿನ ಕಡೆಗೆ ಸರಿಸಿದಳು. ಅವನು ಬಗ್ಗಿ ನೋಡಿದ.

"ಇನ್ನೂ."

ಅವಳು ಇನ್ನೂ ಸರಿಸಿದಳು. ಅಂಚಿಗೂ ಪಂಚಿಗೂ ನಡುವೆ ಒಂದು ಕಿರುಬೆರಳಿನ ಅಗಲದಷ್ಟು ಉಕ್ಕು ಹೊಳೆಯುತ್ತಿತ್ತು. ಮಾವ ನಡುಗುವ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕೆಳಗೆ ಅರೆಮಾತಣ್ಣ ಮುಂದಿನ ದಿಮ್ಮಿಗೆ ಚಕ್ರ ತಿರುಗಿಸಿದ; ಆ ಉದ್ದನೆಯ ಸ್ವರ ನೆಲದಿಂದ ಮೇಲೆದ್ದು ಕಿಟಕಿಯ ಗಾಜನ್ನು ಸಣ್ಣಗೆ ಅದುರಿಸಿತು. ಅವಳು ಸುತ್ತಿಗೆ ಇಳಿಸಿದಳು, ಒಂದೇ ಏಟು.